ಕೆಂಚಿಗೆ ಬಂದ ಪರಿಷ್ಕರಣೆಯ ಗಂಡಾಂತರ

ಪುಸ್ತಕ ಕೈಗೆ ಬಂದರೆ ನಾನು ಮೊದಲು ನೋಡುವುದು ಮುನ್ನುಡಿಯನ್ನಲ್ಲ. ಒಳಪುಟದಲ್ಲಿ ಸಣ್ಣ ಅಕ್ಷರದಲ್ಲಿ ಮುದ್ರಣದ ವಿವರ ಇರುತ್ತದಲ್ಲ, ಅದನ್ನು. ಎಷ್ಟನೆಯ ಮುದ್ರಣ, ಪರಿಷ್ಕೃತವೋ ಅಲ್ಲವೋ ಎಂದು ತಿಳಿಯದೆ ಓದಲು ಕೂತರೆ ಬೇರೆಯವರ ಚಪ್ಪಲಿ ಮೆಟ್ಟಿಕೊಂಡು ಬಂದಂತಾಗುತ್ತದೆ. ಮನೆಯವರು ಇದನ್ನು ಕಾಯಿಲೆ ಎನ್ನುತ್ತಾರೆ. ಗೆಳೆಯರು ಮಾತ್ರ ಇದನ್ನೇ ಅರ್ಹತೆಯೆಂದು ತಿಳಿದು, ಕಳೆದ ತಿಂಗಳು ನನ್ನನ್ನು ನ್ಯಾಯಾಧೀಶನನ್ನಾಗಿ ಕೂರಿಸಿಬಿಟ್ಟರು.

ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಹೊಸಹಳ್ಳಿಯ ಸುರೇಶನ ಮನೆಯ ಮಹಡಿಯಲ್ಲಿ ನಾವು ನಾಲ್ವರು ಒಂದು ಆಟ ಆಡುತ್ತೇವೆ. ಅವನ ಚಿಕ್ಕಪ್ಪ ವಿದೇಶದಿಂದ ತಂದುಕೊಟ್ಟದ್ದು. ಒಬ್ಬೊಬ್ಬರೂ ಒಂದೊಂದು ಪಾತ್ರ ಕಟ್ಟಿಕೊಳ್ಳಬೇಕು. ಕಳ್ಳಿಯೋ, ಸೈನಿಕನೋ, ಮಂತ್ರವಾದಿಯೋ. ಕಾಡು, ಗುಹೆ, ರಾಕ್ಷಸರನ್ನೆಲ್ಲ ಸುರೇಶ ಬಾಯಲ್ಲೇ ತಂದು ನಿಲ್ಲಿಸುತ್ತಾನೆ. ನಮ್ಮ ಪಾತ್ರ ಏನು ಮಾಡುತ್ತದೆಂದು ನಾವು ಹೇಳುತ್ತೇವೆ. ಅದು ಕೈಗೂಡಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಬದುಕಿ ಬಂದ ಪಾತ್ರ ಒಂದೊಂದೇ ಮೆಟ್ಟಿಲು ಮೇಲೇರುತ್ತದೆ. ಸತ್ತರೆ ಹೊಸ ಪಾತ್ರ, ಮತ್ತೆ ಮೊದಲ ಮೆಟ್ಟಿಲು.

ಆಟದ ಜೊತೆ ಬಂದ ನಿಯಮಗಳ ಇಂಗ್ಲಿಷ್ ಪುಸ್ತಕ ನಮಗೆ ಅರ್ಧಂಬರ್ಧ ಅರ್ಥವಾಗುತ್ತಿತ್ತು. ಸುರೇಶ ನಿಯಮಗಳನ್ನು ಕನ್ನಡದಲ್ಲಿ ಬರೆದು ಸೈಕ್ಲೋಸ್ಟೈಲ್ ಮಾಡಿಸಿದಾಗ ನಮ್ಮ ಹಳೆಯ ಪಾತ್ರಗಳು ಯಾವುದಕ್ಕೂ ಹೊಂದಲಿಲ್ಲ. ಅಂದೇ ಒಂದು ಕಟ್ಟುಪಾಡು ಮಾಡಿಕೊಂಡೆವು: ಹೊಸ ಆವೃತ್ತಿ ಬಂದರೆ ಎಲ್ಲರೂ ಮೊದಲ ಮೆಟ್ಟಿಲಿಗೆ.

ಕಳೆದ ತಿಂಗಳು ಸುರೇಶ ಅದೇ ಕನ್ನಡ ಪುಸ್ತಕವನ್ನು ತಿದ್ದಿ, ಮೇಲೆ ‘ಪರಿಷ್ಕೃತ’ ಎಂದು ಬರೆದು ತಂದ. ಮೂಡಲಪಾಳ್ಯದ ರವಿ ಅದನ್ನು ನೋಡಿದ್ದೇ ತಡ, ಮುಖ ಅರಳಿತು. ಅವನ ಪಾತ್ರಗಳು ಮೂರನೆಯ ಮೆಟ್ಟಿಲು ಹತ್ತುವುದರೊಳಗೆ ಯಾವುದಾದರೂ ಹೊಂಡದಲ್ಲಿ ಕಾಣೆಯಾಗುತ್ತವೆ.

“ಹೊಸ ಆವೃತ್ತಿ ಬಂತು ಗುರು! ಎಲ್ಲಾ ಕೆಳಗಿಳೀರಿ.”

“ಯಾವನೋ ಹೇಳಿದ್ದು ಹೊಸದು ಅಂತ? ತಿದ್ದಿದಾನೆ ಅಷ್ಟೇ,” ಎಂದರು ವಸಂತಕ್ಕ.

ವಸಂತಕ್ಕ ಸುರೇಶನ ಅಕ್ಕ, ಬಸವೇಶ್ವರನಗರದ ಶಾಲೆಯೊಂದರಲ್ಲಿ ಮೇಡಂ. ವಾರವೆಲ್ಲ ಮಕ್ಕಳನ್ನು ಸಾಲಿನಲ್ಲಿ ನಿಲ್ಲಿಸುವ ಅವರು ಭಾನುವಾರ ಮಾತ್ರ ಕೆಂಚಿ ಎಂಬ ಕಳ್ಳಿ. ಕನ್ನಡ ಪುಸ್ತಕ ಬಂದ ದಿನದಿಂದ ಸಾಯದೆ ಉಳಿದಿರುವ ಪಾತ್ರ ಅದೊಂದೇ. ಕೋಟೆಗಳ ಬೀಗ ಒಡೆದು, ಇಬ್ಬರು ರಾಜರಿಗೆ ಟೋಪಿ ಹಾಕಿ ಒಂಬತ್ತನೆಯ ಮೆಟ್ಟಿಲಿಗೆ ಏರಿದವಳು. ರವಿಯ ಮಾತು ನಡೆದರೆ ಅವಳ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ವಸಂತಕ್ಕ ನಗುತ್ತಲೇ ವಾದಿಸುತ್ತಿದ್ದರು. ಆದರೆ ಕೆಂಚಿಯ ವಿವರ ಬರೆದಿದ್ದ ಹಾಳೆಯನ್ನು ಅವಚಿ ಹಿಡಿದಿದ್ದ ಕೈ ನಗುತ್ತಿರಲಿಲ್ಲ.

ನೀನೇ ಹೇಳು ಎಂದು ಮೂವರೂ ನನ್ನ ಕಡೆ ತಿರುಗಿದರು. ಒಂದು ವಾರದಲ್ಲಿ ತೀರ್ಪು ಕೊಡುವೆನೆಂದು ಗಂಭೀರವಾಗಿ ಹೇಳಿ ಎರಡೂ ಪುಸ್ತಕಗಳನ್ನು ಮನೆಗೆ ತಂದೆ. ಆ ವಾರ ನನಗೆ ಕಂಡದ್ದೆಲ್ಲ ಆವೃತ್ತಿಗಳೇ. ವಿಜಯನಗರದ ನಮ್ಮ ರಸ್ತೆಯಲ್ಲಿ ಎದುರು ಮನೆಯವರು ಮೇಲೊಂದು ಮಹಡಿ ಎಬ್ಬಿಸಿ ಗೃಹಪ್ರವೇಶ ಮಾಡಿದರು. ಕೆಳಗೆ ಅದೇ ಮನೆ, ಅದೇ ಸೋರುವ ನಲ್ಲಿ. ಹೋಳಿಗೆ ಮಾತ್ರ ಹೊಸ ಮನೆಯದು. ಹೋದ ವರ್ಷ ನಾನು ಕೊಂಡ ‘ಸಂಪೂರ್ಣ ಪರಿಷ್ಕೃತ’ ಗಣಿತದ ಪುಸ್ತಕದಲ್ಲಿ ತೊಟ್ಟಿಗೆ ನೀರು ತುಂಬುವ ಲೆಕ್ಕ ಹಾಗೆಯೇ ಇತ್ತು, ತೊಟ್ಟಿ ಮಾತ್ರ ದೊಡ್ಡದಾಗಿತ್ತು. ಪಂಚಾಂಗವಂತೂ ಪ್ರತಿವರ್ಷ ಹೊಸದು, ಆದರೂ ಅದನ್ನು ಯಾರೂ ಹೊಸ ಆವೃತ್ತಿ ಎನ್ನುವುದಿಲ್ಲ. ಅಮ್ಮನನ್ನು ಕೇಳಿದೆ: “ಹುಳಿಪುಡಿಗೆ ಈ ಸಲ ಮೆಂತ್ಯ ಕಮ್ಮಿ ಹಾಕಿದೀಯಲ್ಲ, ಇದು ಹೊಸ ಪುಡೀನಾ, ಹಳೇದನ್ನ ತಿದ್ದಿದ್ದಾ?”

“ತಿನ್ನೋದಾದ್ರೆ ತಿನ್ನು, ಇಲ್ಲಾಂದ್ರೆ ಏಳು,” ಎಂದಳು ಅಮ್ಮ. ಶಾಸ್ತ್ರ ಮುಂದುವರಿಯಲಿಲ್ಲ.

ಕೊನೆಗೆ ನನ್ನ ಸ್ವಭಾವಕ್ಕೆ ತಕ್ಕ ದಾರಿ ಹಿಡಿದೆ. ಎರಡು ಪುಸ್ತಕಗಳನ್ನೂ ಸಾಲು ಸಾಲಾಗಿ ಹೋಲಿಸಿ ಬದಲಾದ ನಿಯಮಗಳಿಗೆಲ್ಲ ಗುರುತು ಹಾಕಿದೆ. ಅರ್ಧಕ್ಕಿಂತ ಹೆಚ್ಚು ಬದಲಾಗಿದ್ದವು. ಕೆಂಚಿಗೆ ಉಳಿಗಾಲವಿರಲಿಲ್ಲ. ಭಾರವಾದ ಮನಸ್ಸಿನಿಂದ ಹೊಸಹಳ್ಳಿಗೆ ಹೋಗಿ ಬದಲಾವಣೆಗಳನ್ನು ಒಂದೊಂದಾಗಿ ಓದತೊಡಗಿದೆ.

“ಗಾಯಗೊಂಡವರು ಮೊದಲು ಒಂದು ವಾರ ಮಲಗಬೇಕಿತ್ತು. ಈಗ ಒಂದು ರಾತ್ರಿ ಸಾಕು.”

“ಅದು ಹೊಸದಾ? ನಾವು ಮೊದಲಿಂದ ಹಂಗೇ ಅಲ್ವೇನೋ ಆಡ್ತಿರೋದು?” ಎಂದರು ವಸಂತಕ್ಕ.

“ಹೌದು, ವಾರಗಟ್ಟಲೆ ಯಾರು ಮಲಗ್ತಾರೆ?” ಎಂದ ರವಿ, ತಾನು ಯಾವ ಪಕ್ಷವೆಂಬುದನ್ನೇ ಮರೆತು.

“ನಾನು ಮಲಗಿದೀನಿ,” ಎಂದೆ.

ಮೂವರೂ ನನ್ನನ್ನೇ ನೋಡಿದರು. ಸುರೇಶನಿಗೆ ನಗು ತಡೆಯಲಾಗಲಿಲ್ಲ. “ಮಗಾ, ಅದಕ್ಕೇನೋ ನಿನ್ನ ಸೈನಿಕ ಯಾವಾಗ್ಲೂ ಛತ್ರದಲ್ಲೇ ಬಿದ್ದಿರ್ತಿದ್ದ? ನಾವು ಅವ್ನು ಪುಕ್ಕಲ ಅಂದ್ಕೊಂಡಿದ್ವಿ ಕಣೋ!”

ಮುಂದಿನ ನಿಯಮವೂ ಹಾಗೆಯೇ, ಅದರ ಮುಂದಿನದೂ ಹಾಗೆಯೇ. ಒಂದೇ ಒಂದನ್ನು ಬಿಟ್ಟರೆ ಎಲ್ಲವೂ ಹಾಗೆಯೇ. ಆಡುತ್ತ ಆಡುತ್ತ ಎಲ್ಲರೂ ಎಂದೋ ಬದಲಿಸಿಕೊಂಡಿದ್ದ ರೂಢಿಯನ್ನು ಸುರೇಶ ಈಗ ಬರೆದಿಟ್ಟಿದ್ದ, ಅಷ್ಟೇ. ಹಳೆಯ ಪುಸ್ತಕದ ಪ್ರಕಾರ ಬದುಕುತ್ತಿದ್ದವನು ನಮ್ಮ ಗುಂಪಿನಲ್ಲಿ ನಾನೊಬ್ಬನೇ. ಆಡುವವರಿಗೆ ಹೊಸದಲ್ಲದ್ದು ಹೊಸ ಆವೃತ್ತಿಯಲ್ಲ ಎಂದು ತೀರ್ಪು ಕೊಟ್ಟೆ. ತಾನೇ ಸಾಕ್ಷಿ ಹೇಳಿದ್ದ ರವಿ ದಾಳಗಳನ್ನು ಎತ್ತಿಕೊಂಡ. ವಸಂತಕ್ಕ ಎಲ್ಲರಿಗೂ ಕಾಫಿ ತಂದರು, ನನ್ನ ಲೋಟಕ್ಕೆ ಮಾತ್ರ ಸಕ್ಕರೆ ಜಾಸ್ತಿ ಬಿದ್ದಿತ್ತು.

ಮುಂದಿನ ಭಾನುವಾರವೇ ಕೆಂಚಿ ಒಂದು ಪಾಳುಬಾವಿಗೆ ಇಳಿದಳು. ದಾಳ ಕೈಕೊಟ್ಟಿತು, ಜಾರಿ ಬಿದ್ದಳು. ಬಿದ್ದವರ ಪೆಟ್ಟಿನ ಬಗ್ಗೆ ಸುರೇಶ ಬರೆದಿದ್ದ ನಿಯಮ ಮಾತ್ರ ನಿಜವಾಗಿಯೂ ಹೊಸದು. ಕೆಂಚಿ ಸತ್ತಳು.

ಹಳೆಯ ನಿಯಮದಲ್ಲಾದರೆ ಉಳಿಯುತ್ತಿದ್ದಳೇನೋ ಎಂದು ನಾನು ಹಳೆಯ ಪುಸ್ತಕ ಬಿಡಿಸಲು ಹೋದೆ. ವಸಂತಕ್ಕ ಅದರ ಮೇಲೆ ಕೈಯಿಟ್ಟರು. “ಬೇಡ ಬಿಡೋ. ನಾವು ಆಡ್ತಿರೋದು ಇದನ್ನ ತಾನೆ?”

ಖಾಲಿ ಹಾಳೆಯೊಂದನ್ನು ಎಳೆದುಕೊಂಡು ಬರೆದರು: ‘ಕೆಂಚಿಯ ತಂಗಿ ನಿಂಗಿ. ಮೊದಲ ಮೆಟ್ಟಿಲು.’ ಆಮೇಲೆ ಬಾವಿಯ ಕಟ್ಟೆಯ ಮೇಲೆ ಉಳಿದಿದ್ದ ಅಕ್ಕನ ಹಗ್ಗವನ್ನು ನಿಂಗಿ ಎತ್ತಿಕೊಳ್ಳುತ್ತಾಳೆ ಎಂದರು.

“ಏ, ಅದೆಂಗೆ ಆಗುತ್ತೆ! ಸತ್ತೋರ ಸಾಮಾನು ಹೊಸ ಪಾತ್ರಕ್ಕೆ ಬರೋ ಹಂಗಿಲ್ಲ,” ಎಂದ ರವಿ.

ಸುರೇಶ ಪುಸ್ತಕದ ಪುಟಗಳನ್ನೆಲ್ಲ ತಿರುವಿದ. ಬರುತ್ತದೆಂದೂ ಇರಲಿಲ್ಲ, ಬರುವುದಿಲ್ಲವೆಂದೂ ಇರಲಿಲ್ಲ. ಮತ್ತೆ ಮೂವರೂ ನನ್ನ ಕಡೆ ತಿರುಗಿದರು.

“ತಂಗಿಗಾದ್ರೆ ಬರುತ್ತೆ,” ಎಂದೆ. ಸುರೇಶ ಪೆನ್ಸಿಲ್ ತೆಗೆದುಕೊಂಡು ಪುಟದ ಅಂಚಿನಲ್ಲಿ ಅದನ್ನು ಬರೆದುಕೊಂಡ.