ಎಡಗಡೆಯ ಅಂಚು

ಮನೆಗೆ ಬಂದ ಹಾವನ್ನು ಪೊರಕೆಯಲ್ಲಿ ಗುಡಿಸಿ ಆಚೆ ಹಾಕಿದವಳು ನಮ್ಮ ಕೌದಿ ಅತ್ತೆ, ಅಪ್ಪನ ತಂಗಿ; ಹಳೆ ಬಟ್ಟೆಯ ತುಂಡು ಜೋಡಿಸಿ ಹೊದೆಯುವ ಕೌದಿ ಹೊಲಿಯುವುದರಲ್ಲಿ ಎತ್ತಿದ ಕೈ. ಕೌದಿ ಸ್ಪರ್ಧೆಯ ತೀರ್ಪುಗಾರರ ಚೀಟಿ ಕಂಡರೆ ಮಾತ್ರ ಅವಳಿಗೆ ಜೀವ ಬಾಯಿಗೆ ಬರುತ್ತದೆ. ಪ್ರದರ್ಶನಕ್ಕೆ ಕಳಿಸುವ ಮುನ್ನ ಕೌದಿಯನ್ನು ಮೂರು ಸಲ ಹರಡಿ ಬೆಕ್ಕಿನ ಕೂದಲು ಹುಡುಕುತ್ತಾಳೆ; ಬೆಕ್ಕು ಸತ್ತು ಆರು ವರ್ಷವಾಯಿತು. ಪ್ರದರ್ಶನದ ದಿನ ಪಕ್ಕದವರ ಕೌದಿಯ ಹಿಂದೆ ಅಡಗಿ ನಿಂತು, ತನ್ನದರ ಬಗ್ಗೆ ಜನ ಏನನ್ನುತ್ತಾರೆಂದು ಕಿವಿಗೊಡುತ್ತಾಳೆ. ಚೀಟಿ ಬಂದರೆ ನನ್ನ ಕೈಗೆ ತುರುಕಿ, "ನೀನೇ ಓದಮ್ಮ, ಹೊಗಳಿಕೆ ಬಿಡು, ತಪ್ಪು ಮಾತ್ರ ಹೇಳು" ಎನ್ನುತ್ತಾಳೆ. ಒಮ್ಮೆ ಕೇಳಿದ ತಪ್ಪು ಅವಳ ಕೈಯಲ್ಲಿ ಮತ್ತೆ ಹುಟ್ಟಿದ್ದಿಲ್ಲ. ಮೂಲೆ ಸೊಟ್ಟ ಎಂದರೆ ಮರುವರ್ಷ ಮೂಲೆಗಳೆಲ್ಲ ಅಳತೆಪಟ್ಟಿ ಇಟ್ಟಂತೆ. ಬಣ್ಣ ಬಿಡುತ್ತದೆ ಎಂದರೆ ಮರುವರ್ಷ ನಾಲ್ಕು ನೀರು ಕಂಡ ಬಟ್ಟೆ. ಅದಕ್ಕೇ ಈ ವರ್ಷದ ಚೀಟಿ ಓದುವಾಗ ನನ್ನ ನಾಲಿಗೆ ತಡವರಿಸಿತು: "ಎಡಗಡೆಯ ಅಂಚಿನಲ್ಲಿ ಹೊಲಿಗೆಯ ಸಾಲು ವಾಲಿದೆ." ಹೋದ ವರ್ಷವೂ ಇದೇ ಮಾತು, ಅದರ ಹಿಂದಿನ ವರ್ಷವೂ ಇದೇ, ಮೂರೂ ಸಲ ತೀರ್ಪುಗಾರರು ಬೇರೆ ಬೇರೆ. "ಅತ್ತೆ, ಕಣ್ಣಿನ ಡಾಕ್ಟರಿಗೆ ತೋರಿಸೋಣ್ವಾ?" ಎಂದೆ. "ಡಾಕ್ಟರು ಯಾಕೆ? ಬೆಳಕು ಸಾಲ್ತಿಲ್ಲ ಅಷ್ಟೇ, ಬಲ್ಬು ಬದಲಾಯಿಸ್ತೀನಿ" ಎಂದಳು. ಹೋದ ವಾರವಷ್ಟೇ ಬದಲಾಯಿಸಿದ್ದಳು. ನಾನು ಹೊರಟವಳು ಬಾಗಿಲಲ್ಲಿ ತಿರುಗಿ ನೋಡಿದೆ. ಅತ್ತೆ ಬಲಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ಕಿಟಕಿಯ ಸರಳುಗಳನ್ನೇ ನೋಡುತ್ತಿದ್ದಳು, ಇನ್ನೊಂದು ಕೈಯ ಬೆರಳಿನಿಂದ ಗಾಳಿಯಲ್ಲಿ ಒಂದೊಂದನ್ನೂ ನೆಟ್ಟಗೆ ಮಾಡುತ್ತ.