ತಲಾಖಿನ ಆಣೆಯ ಊಟ

ನಮ್ಮ ಯಜಮಾನರು ಶೇಖ್ ಅಬ್ದುಲ್ ಶಾಫಿ ಸೋಹಾಗ್ ಪಟ್ಟಣದ ಪಕ್ಕದ ನಮ್ಮ ಹಳ್ಳಿಗಳಿಗೆಲ್ಲ ಮಾಝೂನ್. ನಿಕಾಹ್ ಬರೆಯುವವರೂ ಅವರೇ, ತಲಾಖ್ ಬರೆಯುವವರೂ ಅವರೇ. ಮುನಿಸಿಕೊಂಡು ತವರಿಗೆ ಹೋದವಳನ್ನು ಮರಳಿ ಕರೆತರಲೂ ಅವರೇ ಬೇಕು. ನಿಕಾಹ್ ಆದರೆ ಇವರ ಊಟಕ್ಕೆ ಬಾತುಕೋಳಿ, ರಾಜಿಯಾದರೆ ರೊಟ್ಟಿ, ಅನ್ನ, ಮಾಂಸದ ಮೇಲೆ ತುಪ್ಪ ಸುರಿದ ಫತ್ತಾ. ತಲಾಖ್ ಬರೆಯಲು ಹೋದ ದಿನ ಮಾತ್ರ ಬರೀ ಚಹಾ. ಬೇರೆಯವರ ಸಂಸಾರ ಮುರಿದ ದಿನ ನನಗೆ ನೆಮ್ಮದಿಯಾಗುತ್ತಿತ್ತು, ದೇವರು ಕ್ಷಮಿಸಲಿ.

ಮದುವೆಯಾದಾಗ ಇವರು ಕಡ್ಡಿಯ ಹಾಗಿದ್ದರು. ಈಗ ದರ್ಜಿ ಇವರ ಅಳತೆಗೆ ಎರಡು ಟೇಪು ಬೇಕೆಂದು ಹಲ್ಲು ಕಿಸಿಯುತ್ತಾನೆ. ಕಿಸಿಯಲಿ, ಅವನಿಗೇನು? ಮಧ್ಯಾಹ್ನ ಮಲಗಿದರೆ ಗೊರಕೆ ಅರ್ಧಕ್ಕೇ ನಿಲ್ಲುತ್ತದೆ, ಜೊತೆಗೆ ಉಸಿರೂ. ನಾನು ಒಲೆ ಬಿಟ್ಟು ಓಡಿಬಂದು ಭುಜ ಅಲುಗಾಡಿಸಬೇಕು. ಎದ್ದ ಮೇಲೂ ಸುಸ್ತು ಹೋಗುವುದಿಲ್ಲ. ಒಮ್ಮೆ ಮದುಮಗನೂ ಅವನ ಮಾವನೂ ಕರವಸ್ತ್ರದ ಕೆಳಗೆ ಕೈ ಕೈ ಹಿಡಿದು ಕಾಯುತ್ತಿದ್ದರೆ, ಇವರು ಮೇಲೆ ತಮ್ಮ ಕೈಯಿಟ್ಟು ನಿದ್ದೆ ಹೋಗಿದ್ದರಂತೆ. ಊರೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ.

ಪೇಟೆಯ ಡಾಕ್ಟರಮ್ಮ ಇವರ ಪಾದಕ್ಕೆ ಹತ್ತಿ ಸವರಿ, "ಗೊತ್ತಾಗುತ್ತಾ ಮೌಲಾನಾ?" ಎಂದು ಕೇಳಿದಳು. ಇವರಿಗೆ ಗೊತ್ತಾಗಲಿಲ್ಲ.

"ಮೈ ಭಾರ ಮಂಡಿಗೆ ಮಾತ್ರ ಅಂದ್ಕೊಂಡಿದ್ದೀರಾ? ಸಕ್ಕರೆ ಕಾಯಿಲೆ, ರಕ್ತದೊತ್ತಡ, ನಿದ್ದೇಲಿ ಉಸಿರು ಕಟ್ಟೋದು, ಎಲ್ಲಾನೂ ಅದು ಹೆಚ್ಚು ಮಾಡ್ತಾ ಇದೆ. ತೂಕ ಇಳಿಸಿ, ಸಕ್ಕರೆ ಹತೋಟಿಗೆ ತನ್ನಿ. ಇಲ್ಲಾಂದ್ರೆ ಕಾಲಿಗೆ ಸಂಚಕಾರ."

ಅಂದಿನಿಂದ ಮನೆಯಲ್ಲಿ ಸೊಪ್ಪು, ಬೇಯಿಸಿದ ಅವರೆ. ಇವರು ಒಂದು ದಿನವೂ ಗೊಣಗಲಿಲ್ಲ. ಆದರೆ ಮನೆಯ ಪಥ್ಯವನ್ನೆಲ್ಲ ಹೊರಗಿನ ಒಂದು ಆಣೆ ನುಂಗಿ ಹಾಕುತ್ತಿತ್ತು. ನಮ್ಮ ಕಡೆಯ ಗಂಡಸರಿಗೆ ಅತಿಥಿ "ಸಾಕು" ಎಂದರೆ ಅವಮಾನ. ಥಟ್ಟನೆ, "ನೀವಿದನ್ನ ತಿನ್ನದಿದ್ರೆ ನನ್ನ ಹೆಂಡ್ತಿಗೆ ತಲಾಖ್" ಎಂದುಬಿಡುತ್ತಾರೆ. ಬಾಯಿ ಅವರದು, ಪಣಕ್ಕಿಡುವುದು ಒಳಗೆ ಒಲೆಯ ಮುಂದೆ ಬೇಯುತ್ತಿರುವವಳನ್ನು.

ಹಾಜಿ ಮಹ್ರೂಸನ ಮಗಳ ನಿಕಾಹ್‌ಗೆ ನಾನೂ ಹೋದೆ. ಎರಡನೇ ತಟ್ಟೆ ಬಂದರೆ ಗಂಡಸರ ಕೋಣೆಗೇ ನುಗ್ಗಿ ಎಳೆದು ತರುತ್ತೇನೆ ಎಂದು ಹೇಳಿಯೇ ಹೊರಟಿದ್ದೆ. ಪರದೆಯ ಆಚೆಯಿಂದ ಇವರ ದನಿ ಕೇಳಿತು.

"ಸಾಕು ಹಾಜಿ. ಡಾಕ್ಟ್ರು ಬೇಡ ಅಂದಿದ್ದಾರೆ."

"ಡಾಕ್ಟ್ರು ನಿಮ್ಮನ್ನ ಒಣಗಿಸಿ ಉಪ್ಪಿನಕಾಯಿ ಹಾಕ್ತಾರೆ, ಮೌಲಾನಾ! ಈ ಪಾರಿವಾಳ ಎರಡೂ ಖಾಲಿ ಆಗ್ಬೇಕು. ಇಲ್ಲಾಂದ್ರೆ ನಗಾತ್‌ಗೆ ತಲಾಖ್!"

ಹಾಜಿಯ ಹೆಂಡತಿ ನಗಾತ್ ನನ್ನ ಪಕ್ಕದಲ್ಲೇ ಇದ್ದಳು. ಇಷ್ಟು ವರ್ಷ ಸಂಸಾರ ಮಾಡಿದವಳು, ಸೌಟು ಹಿಡಿದಲ್ಲೇ ಬಿಳಚಿಕೊಂಡಳು. ನನ್ನ ಮುಖ ನೋಡಿದಳು. ನುಗ್ಗುತ್ತೇನೆಂದು ಬಂದ ನಾನು ಕೂತಲ್ಲಿಂದ ಏಳಲಿಲ್ಲ. ಆಚೆ ಮೂಳೆ ತಟ್ಟೆಗೆ ಬಿದ್ದ ಸದ್ದು ಕೇಳಿದ ಮೇಲೆ ಅವಳು ಉಸಿರು ಬಿಟ್ಟಳು.

ದಾರಿಯಲ್ಲಿ ನಾನು ರೇಗಿದೆ. "ಅವರ ಹೆಂಡ್ತೀರನ್ನೆಲ್ಲ ಉಳಿಸಿ ಉಳಿಸಿ, ನಿಮ್ಮ ಹೆಂಡ್ತೀನ ವಿಧವೆ ಮಾಡ್ತೀರಾ?"

"ಹೆಂಡ್ತಿ ಮೇಲೆ ಆಣೆ ಇಟ್ಟೋನ ಮುಂದೆ ತಟ್ಟೆ ಹೇಗೆ ಸರಿಸ್ಲಿ, ಉಮ್ಮ್ ದಿಯಾಬ್?" ಎಂದರು. ದಿಯಾಬನ ತಾಯಿ ಎಂದೇ ಇವರು ನನ್ನನ್ನು ಕರೆಯುವುದು. ನಾಲ್ಕು ಹೆಜ್ಜೆಗೊಮ್ಮೆ ಗೋಡೆ ಹಿಡಿದು ನಿಲ್ಲುತ್ತಿದ್ದರು. ಇನ್ನು ಬೈಯಲು ನನಗೂ ಶಕ್ತಿ ಇರಲಿಲ್ಲ.

ಬೇಸಿಗೆಯಲ್ಲಿ ಚಪ್ಪಲಿಯೊಳಗೆ ಒಂದು ಕಲ್ಲು ಸೇರಿಕೊಂಡಿತ್ತು. ಅದರ ಮೇಲೇ ದಿನವಿಡೀ ನಡೆದಿದ್ದರು, ನೋವೇ ಆಗಿರಲಿಲ್ಲ. ಗಾಯ ಕೊಳೆತು ನಾರುವಾಗಲೇ ನಾನು ನೋಡಿದ್ದು. ಆಸ್ಪತ್ರೆಯಲ್ಲಿ ಎಡಗಾಲನ್ನು ಮಂಡಿಯ ಕೆಳಗೆ ಕತ್ತರಿಸಿದರು.

ನೋಡಲು ಬಂದವರೆಲ್ಲ ತಂದದ್ದು ಊಟವನ್ನೇ. ಮಹ್ರೂಸ್ ಬಾತುಕೋಳಿಯನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದ. ಕಣ್ಣು ಒದ್ದೆಯಾಗಿತ್ತು, ಅವನ ಪ್ರೀತಿ ಸುಳ್ಳಲ್ಲ. ಬಾತುಕೋಳಿಯ ಕಾಲಿನ ಒಂದು ತುಂಡು ಮುರಿದು ಇವರ ಬಾಯಿಯ ಹತ್ತಿರ ಹಿಡಿದ.

"ರಕ್ತ ಹೋಗಿದೆ, ತುಂಬ್ಕೋಬೇಕು. ನನ್ನ ಕೈಯಿಂದ ತಿನ್ನದಿದ್ರೆ ನಗಾತ್‌ಗೆ..."

"ಆಯ್ತು, ತಲಾಖ್ ಆಯ್ತು," ಎಂದೆ ನಾನು. "ಇವರು ತಿನ್ನಲ್ಲ. ಹೋಗು, ನಿನ್ನ ಮನೆಗೆ ಹೋಗಿ ಅವಳಿಗೆ ಹೇಳು."

ಮಹ್ರೂಸನ ಕೈ ಗಾಳಿಯಲ್ಲೇ ನಿಂತಿತು. "ಮೌಲಾನಾ," ಎಂದು ತೊದಲಿದ, "ನಾನು ಹಾಗೆ... ಈಗೇನು ಗತಿ?"

ಇವರು ಕಣ್ಣು ಮುಚ್ಚಿಕೊಂಡೇ ಮಾತಾಡಿದರು. "ಏನೂ ಆಗಿಲ್ಲ, ಕೂತ್ಕೋ. ಒತ್ತಾಯ ಮಾಡೋಕೆ ಹಾಕಿದ ಆಣೆ ಅದು. ಕಾನೂನು ಅದನ್ನ ತಲಾಖ್ ಅನ್ನಲ್ಲ. ಹತ್ತು ಜನ ಬಡವರಿಗೆ ಊಟ ಹಾಕು, ತೀರಿತು."

"ಯಾವಾಗ ಬಂತು ಈ ಕಾನೂನು?" ಎಂದ ಮಹ್ರೂಸ್.

"ನಾನು ಹುಟ್ಟೋಕ್ ಮುಂಚಿಂದ ಇದೆ."

ಮಹ್ರೂಸ್ ಬಾತುಕೋಳಿಯನ್ನು ಮತ್ತೆ ಸುತ್ತಿಕೊಂಡು ತಲೆ ತಗ್ಗಿಸಿ ಹೊರಟ. ನಾನು ಇವರನ್ನೇ ನೋಡುತ್ತ ನಿಂತೆ. ಆ ಎರಡು ಪಾರಿವಾಳ, ಅದಕ್ಕೂ ಮುಂಚಿನ ಎಷ್ಟೋ ಮನೆಗಳ ಎಷ್ಟೋ ತಟ್ಟೆ, ಎಲ್ಲವನ್ನೂ ಗೊತ್ತಿದ್ದೇ ತಿಂದಿದ್ದರು.

"ಗೊತ್ತಿತ್ತಾ ನಿಮಗೆ?" ಎಂದೆ. ಕೋಪ ಬರಬೇಕಿತ್ತು, ಬಂದದ್ದು ಅಳು.

"ನಿನ್ನ ಮಾತಿಗೆ ತೂಕ ಇಲ್ಲ ಅಂತ ಒಬ್ಬನಿಗೆ ಅವನ ಮನೇಲೇ, ಅವನ ಹೆಂಡ್ತಿ ಕೇಳೋ ಹಾಗೆ ಹೇಗೆ ಹೇಳ್ಲಿ?" ಎಂದರು.

ಆಮೇಲೆ ಎಡಗಾಲು ತುಂಬ ನೋಯುತ್ತಿದೆ, ಸ್ವಲ್ಪ ಒತ್ತು ಎಂದರು. ನಾನು ಹಾಸಿಗೆಯ ಆ ಕಡೆ ಕೂತು, ಕಾಲು ಇಲ್ಲದ ಕಡೆ ಹೊದಿಕೆಯನ್ನು ಒತ್ತುತ್ತಾ ಇದ್ದೆ.