ಡೀಲಿಯಾಳ ಅಡುಗೆಮನೆಯ ಗ್ರೋಗಕ್

ಸ್ನೇಹಲತಾಳ ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ. ಗಂಡ ಯತೀಶ ಬೆಳಕು ಹರಿಯುವ ಮೊದಲೇ ರೆಡ್‌ವುಡ್ ಸಿಟಿಯ ಡಾಟ್‌ಕಾಮ್ ಆಫೀಸಿಗೆ ಹೊರಟರೆ, ಅಮೆರಿಕದ್ದೇ ಆದ ಡಬ್ಲಿನ್ ಎಂಬ ಊರಿನ ಬಾಡಿಗೆ ಮನೆಯಲ್ಲಿ ಉಳಿಯುವವಳು ಇವಳೊಬ್ಬಳೇ. ಅವಳ ವೀಸಾದಲ್ಲಿ ಕೆಲಸಕ್ಕೆ ಹೋಗುವಂತಿರಲಿಲ್ಲ. ಕೆಲಸ ಬೇಡವೆಂದ ಸರ್ಕಾರ ಸುಮ್ಮನೆ ಕೂರುವುದು ಹೇಗೆಂದು ಮಾತ್ರ ಹೇಳಿಕೊಟ್ಟಿರಲಿಲ್ಲ! ಒರೆಸಿದ್ದನ್ನೇ ಒರೆಸುವುದು, ಕಿಟಕಿಗೆ ಹೋಗುವುದು, ಸುಮ್ಮಸುಮ್ಮನೆ ಫ್ರಿಜ್ಜು ತೆರೆಯುವುದು. ಉಡುಪಿಯಲ್ಲಿ ಹೈಸ್ಕೂಲು ಮಕ್ಕಳನ್ನು ಗದರಿ ಕೂರಿಸುತ್ತಿದ್ದ ಟೀಚರಿಗೆ ಈಗ ತನ್ನನ್ನೇ ಕೂರಿಸಿಕೊಳ್ಳಲು ಆಗುತ್ತಿರಲಿಲ್ಲ.

ಈ ಚಡಪಡಿಕೆಗೆ ಮದ್ದು ಸಿಕ್ಕಿದ್ದು ಪಕ್ಕದ ಮನೆಯ ಡೀಲಿಯಾ ಅಜ್ಜಿಯಲ್ಲಿ. ಐರ್ಲೆಂಡಿನ ಆಂಟ್ರಿಮ್ ಕಡೆಯ ಹಳ್ಳಿಯವಳು, ಎಂಬತ್ತು ದಾಟಿದವಳು. ತನ್ನ ಅಡುಗೆಮನೆಯಲ್ಲಿ ಗ್ರೋಗಕ್ ಇದ್ದಾನೆ ಎನ್ನುತ್ತಿದ್ದಳು: ಮೈತುಂಬ ರೋಮ, ಮೊಣಕಾಲೆತ್ತರದ ಕುಳ್ಳ, ಕಣ್ಣಿಗೆ ಬೀಳದೆ ಮನೆ ಕಾಯುವವನು, ಒಂದು ಬಟ್ಟಲು ಕೆನೆ ಇಟ್ಟರೆ ತೃಪ್ತ. ಇದನ್ನು ಕೇಳಿದಾಗಲೆಲ್ಲ ಅವಳ ಮಗ ಹಣೆ ಚಚ್ಚಿಕೊಳ್ಳುತ್ತಿದ್ದ. ಸ್ನೇಹಲತಾ ನಗಲಿಲ್ಲ. "ನಮ್ಮ ಮನೆಗೂ ಒಂದು ದೈವ ಉಂಟು, ವರ್ಷವರ್ಷ ಅದರ ಪಾಲು ಕೊಡುತ್ತೇವೆ," ಎಂದಳು. ಅಂದಿನಿಂದ ಇಬ್ಬರಿಗೂ ಮಾತು ಮುಗಿಯದಾಯಿತು.

ತಾಯಿಯನ್ನು ತಾನಿರುವ ಅರಿಜೋನಾಕ್ಕೆ ಕರೆದೊಯ್ಯಬೇಕೆಂಬುದು ಮಗನ ಹಟ. "ಗ್ರೋಗಕ್‌ನನ್ನು ಬಿಟ್ಟು ಬರಲಾರೆ," ಎಂಬುದು ಅವಳ ಒಂದೇ ಉತ್ತರ. ಒಂದು ಭಾನುವಾರ ಅವನು ಸಾಮಾನು ಕಟ್ಟುವ ಪೆಟ್ಟಿಗೆಗಳನ್ನು ಹೇರಿಕೊಂಡೇ ಬಂದ. ಸ್ನೇಹಲತಾ ಅದನ್ನು ಕಿಟಕಿಯಿಂದ ಕಂಡು ಹೊರಗೋಡಿದಳು. ಈ ಅಜ್ಜಿಯೂ ಹೋದರೆ ಈ ಬೀದಿಯಲ್ಲಿ ತನ್ನನ್ನು ಹೆಸರು ಹಿಡಿದು ಕರೆಯುವವರು ಯಾರು? ಬೇಲಿಯ ಈಚೆ ನಿಂತು, ಕಾಣದ ಆ ಕುಳ್ಳನಿಗೇ ಹರಕೆ ಹೊತ್ತಳು: ಅಜ್ಜಿಯನ್ನು ಉಳಿಸಿಕೊಡು, ನಮ್ಮ ದೈವಕ್ಕೆ ಕೊಡುವ ಹಾಗೆ ನಿನಗೂ ಹೊಸ ಪಟ್ಟೆಸೀರೆ ಒಪ್ಪಿಸುತ್ತೇನೆ.

ಸಂಜೆ ಮಗ ಸಿಡಿಮಿಡಿಗುಟ್ಟುತ್ತ ಒಬ್ಬನೇ ಹೊರಟುಹೋದ. ಹರಕೆ ಫಲಿಸಿದ ಮೇಲೆ ತಡಮಾಡುವುದುಂಟೇ? ಮೊಣಕಾಲೆತ್ತರದವನಿಗೆ ಸೀರೆ ದೊಡ್ಡದಾದೀತೆಂದು, ಮದುವೆಯಲ್ಲಿ ಬಂದಿದ್ದ ಕೆಂಪು ರೇಷ್ಮೆಯ ರವಿಕೆ ಕಣವನ್ನೇ ಪುಟ್ಟ ಅಂಗಿಯಾಗಿ ಹೊಲಿದಳು. ಮರುದಿನ ಅಜ್ಜಿಯ ಅಡುಗೆಮನೆಗೆ ಹೋಗಿ ಅದನ್ನು ಕೆನೆಯ ಬಟ್ಟಲಿನ ಪಕ್ಕ ಇಟ್ಟು ಕೈಮುಗಿದಳು.

ಟೀ ಮಾಡಲು ಬಂದ ಡೀಲಿಯಾ ಅಂಗಿ ಕಂಡವಳೇ ಕುರ್ಚಿಗೆ ಕುಸಿದಳು.

"ಇದನ್ನು ಯಾರು ಇಟ್ಟರು?"

"ನಾನೇ. ಹರಕೆ ಇತ್ತು."

"ಅಯ್ಯೋ ಮಗಳೇ, ಅವನಿಗೆ ಬಟ್ಟೆ ಕೊಡಬಾರದು. ಕೊಟ್ಟರೆ, ನಿನ್ನ ಕೆಲಸ ಮುಗಿಯಿತು, ಹೊರಡು ಎಂದ ಹಾಗೆ. ಅವನು ಹೋಗಿಬಿಟ್ಟ."

ಸ್ನೇಹಲತಾ ಅಂಗಿಯನ್ನು ಬಾಚಿಕೊಂಡು ಬೆನ್ನ ಹಿಂದೆ ಬಚ್ಚಿಟ್ಟಳು. ನಮ್ಮಲ್ಲಿ ಹಾಗಲ್ಲ, ಬಟ್ಟೆ ಕೊಟ್ಟರೆ ದೈವ ಸಂತೋಷಪಟ್ಟು ಇನ್ನೂ ಗಟ್ಟಿಯಾಗಿ ನಿಲ್ಲುತ್ತದೆ ಎಂದು ತೊದಲಿದಳು. ಅಜ್ಜಿ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಇವಳ ತಲೆ ಸವರಿ, ಫೋನೆತ್ತಿ ಮಗನಿಗೆ, "ಬಂದು ಕರೆದುಕೊಂಡು ಹೋಗು. ಇನ್ನು ಇಲ್ಲಿ ನನಗೆ ಯಾರೂ ಇಲ್ಲ," ಎಂದಳು. ಪಕ್ಕದಲ್ಲೇ ನಿಂತಿದ್ದ ಸ್ನೇಹಲತಾಳಿಗೆ ಆ ಮಾತು ನೆಟ್ಟಗೆ ಬಂದು ನಾಟಿತು.

ಸಂಜೆ ಯತೀಶ ಬಂದಾಗ ಅವಳು ಅಳುತ್ತಿದ್ದಳು.

"ಎಂತ ಆಯ್ತು ಮಾರಾಯ್ತಿ?"

"ಅಜ್ಜಿ ಹೋಗ್ತಾರೆ. ಇಷ್ಟು ವರ್ಷ ಮಗನ ಕೈಯಲ್ಲಿ ಆಗದ್ದನ್ನು ನಾನು ಒಂದೇ ದಿನದಲ್ಲಿ ಮಾಡಿ ಹಾಕಿದೆ."